ಕಣ್ಣಳತೆ

ಬಡಗಿ ಸ್ಟೂಲು ಮಾಡಲು ಕೂತಿದ್ದಾನೆ ಅಂದರೆ ಬೀದಿಯವರಿಗೆ ನಗು ಬರಬೇಕಿತ್ತು. ಬರಲಿಲ್ಲ. ಅವನ ಕೈಯಲ್ಲಿ ಎಂದೂ ಸ್ಟೂಲು ಹುಟ್ಟಿದ್ದಿಲ್ಲ. ಅವನು ಹೆಣದ ಪೆಟ್ಟಿಗೆ ಮಾಡುವವನು, ಅವನ ಅಪ್ಪನೂ ಅದನ್ನೇ ಮಾಡಿದವನು. ಚರ್ಚಿನ ಗಂಟೆ ಬಿಟ್ಟುಬಿಟ್ಟು ಬಡಿಯಿತೆಂದರೆ ಜನ ಮೊದಲು ಪಾದ್ರಿಯ ಮನೆಗೆ, ಆಮೇಲೆ ಇವನ ಅಂಗಡಿಗೆ ಬರುತ್ತಿದ್ದರು. ಅಂಥವನು ಈಗ ಒಂದು ಕಾಲು ಗಾಳಿಯಲ್ಲಿ ಆಡುವಂಥ ಸ್ಟೂಲುಗಳನ್ನು ಮಾಡಿ ಬಾಗಿಲ ಮುಂದೆ ಸಾಲಾಗಿ ಇಡುತ್ತಿದ್ದ. ಕೊಳ್ಳುವ ಪುಣ್ಯಾತ್ಮ ಯಾರು? ಕೂತವನು ಬೀಳಬೇಕು, ಬಿದ್ದವನು ಮತ್ತೆ ಇವನ ಹತ್ತಿರವೇ ಬರಬೇಕು, ವ್ಯಾಪಾರಕ್ಕೇನೋ ಒಳ್ಳೆಯದೇ ಎಂದು ಎದುರಂಗಡಿಯ ದರ್ಜಿ ಒಮ್ಮೆ ತಮಾಷೆ ಮಾಡಿ, ಮಾಡಿದ ಮೇಲೆ ನಾಲಿಗೆ ಕಚ್ಚಿಕೊಂಡ. ಒಳಕೋಣೆಯಲ್ಲಿ ಬಡಗಿಯ ಹೆಂಡತಿ ಹಾಸಿಗೆ ಹಿಡಿದಿದ್ದಳು.

ಬಡಗಿಗೆ ಊರವರು ಇಟ್ಟ ಹೆಸರು ಕಣ್ಣಳತೆ. ಸತ್ತವರ ಮೈಮೇಲೆ ಟೇಪು ಎಳೆಯುವುದು ಅವನಿಗೆ ಆಗದು. "ಅದು ದರ್ಜಿ ಕೆಲಸ. ಹೊಸ ಅಂಗಿ ಹೊಲಿಸ್ಕೊಂಡು ಇವರು ಯಾರ ಮದುವೆಗೆ ಹೋಗ್ಬೇಕು?" ಅನ್ನುತ್ತಿದ್ದ. ಸಾವಿನ ಮನೆಗೆ ಹೋಗಿ ಚಪ್ಪಲಿ ಹೊರಗೆ ಬಿಟ್ಟು, ಸತ್ತವರ ಕಾಲ ಬಳಿ ಕೈಕಟ್ಟಿ ನಿಂತು, ಒಂದು ಸಣ್ಣ ಪ್ರಾರ್ಥನೆಯಾಗುವಷ್ಟು ಹೊತ್ತು ನೋಡುವುದು. ಅಷ್ಟೇ. ಬಂದು ಹಲಗೆ ಕೊಯ್ದರೆ ಪೆಟ್ಟಿಗೆ ಮೈಗೆ ಹೊಲಿದ ಹಾಗೆ ಕೂರುತ್ತಿತ್ತು. ಭುಜದ ಎರಡೂ ಕಡೆ ಒಂದೊಂದು ಬೆರಳು ಸಂದು, ಹೆಚ್ಚಿಲ್ಲ, ಕಡಿಮೆಯಿಲ್ಲ. ಈ ಕಣ್ಣಿನ ಭಯಕ್ಕೆ ಜನ ಮದುವೆ ಊಟದಲ್ಲಿ ಇವನ ಎದುರಿಗೆ ಕೂರುತ್ತಿರಲಿಲ್ಲ. ಯಾರನ್ನಾದರೂ ಎರಡನೇ ಸಲ ನೋಡಿದನೋ, "ಏನಪ್ಪಾ, ಈಗಲೇ ನನ್ನ ಅಳತೆ ತಗೋತಿದ್ದೀಯಾ?" ಎಂದು ಎಲೆ ಸಮೇತ ಎದ್ದು ಹೋಗುವವರಿದ್ದರು.

ಹೆಂಡತಿ ಗಟ್ಟಿಗಿತ್ತಿ. ಆಳಿಗೆ ಆಳು, ಮಾತಿಗೆ ಮಾತು. ದಪ್ಪ ದಿಮ್ಮಿ ಕೊಯ್ಯುವಾಗ ಉದ್ದ ಗರಗಸದ ಆಚೆ ತುದಿ ಹಿಡಿಯುತ್ತಿದ್ದವಳು ಅವಳೇ. ಮದುವೆಯಾದ ವಾರದಲ್ಲೇ ಸೆರಗು ಸಿಕ್ಕಿಸಿ ನಿಂತವಳು ಮತ್ತೆ ಬೇರೆಯವರಿಗೆ ಆ ತುದಿ ಬಿಟ್ಟುಕೊಟ್ಟಿರಲಿಲ್ಲ. ಪೆಟ್ಟಿಗೆಯ ಒಳಗೆ ಬಿಳಿ ಬಟ್ಟೆ ಹೊಲಿದು ಹೊದಿಸುವುದೂ ಅವಳ ಕೆಲಸ. ಮಕ್ಕಳಾಗಲಿಲ್ಲ ಎಂಬ ಕೊರಗು ಒಂದು ಕಾಲದಲ್ಲಿ ಇತ್ತು. ಆಮೇಲೆ ಅದೂ ಗರಗಸದ ಸದ್ದಿನಲ್ಲಿ ಸವೆದು ಹೋಯಿತು. ಬೆಳಿಗ್ಗೆ ಕೆಲಸಕ್ಕೆ ಮುಂಚೆ ಇಬ್ಬರೂ ಹಲಗೆಗಳ ನಡುವೆ ನಿಂತು ಪ್ರಾರ್ಥನೆ ಮಾಡುತ್ತಿದ್ದರು. ಅವಳದು ಉದ್ದ ಪ್ರಾರ್ಥನೆ. ಬೀದಿಯಲ್ಲಿ ಕೆಮ್ಮಿದವರ ಹೆಸರೆಲ್ಲ ಅದರಲ್ಲಿ ಬರುತ್ತಿತ್ತು.

ಅಂಥವಳ ಹೊಟ್ಟೆಯಲ್ಲಿ ಗಡ್ಡೆ ಎದ್ದಿತು. ಆಸ್ಪತ್ರೆಯವರು ಕೊಯ್ದು ನೋಡಿ, ಹಾಗೇ ಮುಚ್ಚಿ ಹೊಲಿದು, ಮನೆಗೆ ಕರೆದುಕೊಂಡು ಹೋಗಿ ಅಂದರು. ಮನೆಗೆ ಕರೆದುಕೊಂಡು ಹೋಗಿ ಅಂದರೆ ಏನರ್ಥ ಅನ್ನುವುದು ಪೆಟ್ಟಿಗೆ ಮಾಡುವವನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಆದರೂ ಅವನು ಹೇಳಿದವರ ಬಾಯನ್ನೇ ನೋಡುತ್ತ ನಿಂತ.

ಆಗ ಬಂದವನು ಕೂಟದಣ್ಣ. ಚರ್ಚಿನ ಪ್ರಾರ್ಥನಾ ಕೂಟ ನಡೆಸುತ್ತಿದ್ದವನು. ಅವನನ್ನು ಕೆಟ್ಟವನೆಂದು ತಿಳಿಯಬೇಡಿ. ಬಡಗಿಯ ಹೆಂಡತಿಯ ಹಾಸಿಗೆ ಪಕ್ಕ ಮಂಡಿಯೂರಿ ಕೂತನೆಂದರೆ ಮೀಸೆಯ ಮೇಲೆಲ್ಲ ಕಣ್ಣೀರು ಇಳಿಯುತ್ತಿತ್ತು, ನಾಟಕವಲ್ಲ. ಅವನ ಬಾಯಲ್ಲಿ ಒಂದೇ ಮಾತು. "ಏಳ್ತಾಳೆ. ನನ್ನ ತಂಗಿ ಎದ್ದೇ ಏಳ್ತಾಳೆ." ಹೊರಗೆ ಬಂದವನು ಅಂಗಡಿಯಲ್ಲಿ ಅರ್ಧ ಮುಗಿದ ಪೆಟ್ಟಿಗೆಗಳನ್ನು ನೋಡಿ ಬಡಗಿಯ ಭುಜ ಹಿಡಿದುಕೊಂಡ.

"ತಮ್ಮಾ, ಬಾಗಿಲಲ್ಲೇ ಸಾವನ್ನ ನಿಲ್ಲಿಸಿಕೊಂಡು ಒಳಗೆ ಜೀವ ಬಾ ಅಂದ್ರೆ ಹೇಗೆ ಬರುತ್ತೆ? ನಿನ್ನ ನಂಬಿಕೆ ಎಲ್ಲಿದೆ ತೋರಿಸು."

ಬಡಗಿ ತೋರಿಸಿದ. ಅರ್ಧ ಪೆಟ್ಟಿಗೆಗಳನ್ನೆಲ್ಲ ಕಳಚಿ ಹಲಗೆ ಮಾಡಿ ಗೋಡೆಗೆ ಒರಗಿಸಿದ. ಅವಳು ಎದ್ದು ಕೂರುವವರೆಗೆ ಪೆಟ್ಟಿಗೆಗೆ ಉಳಿ ಮುಟ್ಟಿಸುವುದಿಲ್ಲ, ಕರ್ತನೇ, ನೀನು ನಿನ್ನ ಮಾತು ಉಳಿಸಿಕೋ, ನಾನು ನನ್ನ ಮಾತು ಉಳಿಸಿಕೊಳ್ಳುತ್ತೇನೆ ಎಂದು ಮನಸ್ಸಿನಲ್ಲೇ ಹರಕೆ ಹೊತ್ತ. ಕರ್ತನು ಯಾವಾಗ ಮಾತು ಕೊಟ್ಟಿದ್ದ ಎಂದು ಅವನನ್ನು ಯಾರೂ ಕೇಳಲಿಲ್ಲ. ಹೀಗೆ ಶುರುವಾದವು ಆ ಸ್ಟೂಲುಗಳು.

ಅಂಗಡಿಗೂ ಒಳಕೋಣೆಗೂ ನಡುವೆ ಇದ್ದದ್ದು ಹಲಗೆಯ ಗೋಡೆ. ಇಲ್ಲಿ ಸೂಜಿ ಬಿದ್ದರೆ ಅಲ್ಲಿ ಕೇಳುತ್ತಿತ್ತು. ಮಲಗಿದಲ್ಲಿಂದಲೇ ಅವಳು ಯಾವ ಸದ್ದು ಉಜ್ಜುಗೊರಡಿನದು, ಯಾವುದು ಉಳಿಯದು ಎಂದು ಹೇಳಬಲ್ಲವಳಾಗಿದ್ದಳು. ಸ್ಟೂಲಿನ ಕಾಲು ಬಡಿಯುವ ಸದ್ದು ಕೇಳಿ ಕೇಳಿ ಅವಳಿಗೆ ಸಾಕಾಯಿತು. ಒಂದು ಮಧ್ಯಾಹ್ನ ಅವನು ಗಂಜಿ ತಂದಾಗ ಹೇಳಿಯೇಬಿಟ್ಟಳು.

"ರೀ, ನನ್ನ ಪೆಟ್ಟಿಗೆ ಮಾಡಿ. ನಾನು ಕಣ್ಣು ಬಿಟ್ಟಿರೋವಾಗಲೇ ಮಾಡಿ. ನಾನೊಂದು ಸಲ ನೋಡ್ಬೇಕು."

"ಬಾಯಿ ಮುಚ್ಚು."

"ಬೇರೆ ಯಾವನೋ ಮಾಡಿದ ಡಬ್ಬದಲ್ಲಿ ನಾನು ಮಲಗಲ್ಲ. ಮೊದಲೇ ಹೇಳಿದೀನಿ. ಆಮೇಲೆ ಎದ್ದು ಬಂದು ಜಗಳ ಆಡ್ತೀನಿ."

"ಹಾಗೆಲ್ಲ ಮಾತಾಡಬಾರದು ಅಂದಿಲ್ವಾ ಅಣ್ಣ? ನೀನು ಏಳ್ತೀಯ."

"ನಾನೆಲ್ಲಿ ಏಳಲ್ಲ ಅಂದೆ? ಮಣ್ಣಿಗೆ ಹೋದ್ರೂ ಒಂದು ದಿನ ಏಳ್ತೀನಿ ಅಂತ ಚಿಕ್ಕಂದಿನಿಂದ ನಂಬ್ಕೊಂಡು ಬಂದಿದೀನಿ. ಯಾವತ್ತು ಅನ್ನೋದೊಂದು ನನ್ನ ಕೈಲಿಲ್ಲ." ಅವಳು ನಕ್ಕಳು, ನಗು ಹೊಟ್ಟೆಗೆ ತಾಗಿ ಮುಖ ಕಿವುಚಿಕೊಂಡಳು. ಅವನು ಗಂಜಿಯ ಬಟ್ಟಲು ಕುಕ್ಕಿ ಹೊರಗೆ ಹೋದ. ಅವಳು ಸಾವನ್ನು ಹೀಗೆ ಪಕ್ಕದ ಮನೆಯವಳ ಹಾಗೆ ಮಾತಾಡಿಸುವುದು ಅವನಿಗೆ ಸಹಿಸಲಾಗುತ್ತಿರಲಿಲ್ಲ. ಅವಳಿಗೆ ಬದುಕುವ ಆಸೆಯೇ ಇಲ್ಲವೇನೋ, ತನ್ನನ್ನು ಬಿಟ್ಟು ಹೋಗುವುದಕ್ಕೆ ಇಷ್ಟು ಅವಸರವೇ ಎಂದು ಸಿಟ್ಟು ಬರುತ್ತಿತ್ತು.

ಅವಸರವೇನೂ ಇರಲಿಲ್ಲ. ನೋವು ಬಂದಾಗ ಅವಳು ದಿಂಬು ಕಚ್ಚಿಕೊಂಡು ದೇವರನ್ನು ಬಾಯಿಗೆ ಬಂದಂತೆ ಕೂಗುತ್ತಿದ್ದಳು. "ಎಲ್ಲಿದ್ದೀಯಪ್ಪಾ, ಕಿವಿ ಕೇಳಲ್ವಾ ನಿನಗೆ?" ಎಂದು ಮಗಳು ಅಪ್ಪನನ್ನು ಗದರುವ ಹಾಗೆ ಗದರುತ್ತಿದ್ದಳು. ನೋವು ಇಳಿದ ಮೇಲೆ ಅದೇ ಬಾಯಿಂದ ಬೀದಿಯವರಿಗಾಗಿ ಪ್ರಾರ್ಥನೆ. ಒಮ್ಮೆ ಬಡಗಿ ತಡೆಯಲಾರದೆ ಕೇಳಿದ. "ಅವನದೇನೋ ಉದ್ದೇಶ ಇರುತ್ತೆ ಅಂತೀಯಲ್ಲ, ಇದರಲ್ಲಿ ಏನಿದೆ ಉದ್ದೇಶ? ಹೇಳು ನೋಡೋಣ."

"ನನಗೇನು ಗೊತ್ತು? ನೀವು ಹಲಗೆ ಕೊಯ್ಯೋವಾಗ ಹಲಗೆಗೆ ಹೇಳಿ ಕೊಯ್ತೀರಾ?"

"ಹಲಗೆಗೆ ನೋವಾಗಲ್ಲ ಕಣೇ."

"ಅದು ನಿಜ," ಅಂದಳು. "ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ. ಆದರೂ ಕೈ ಅವನದೇ ಅಂತ ಗೊತ್ತು ನನಗೆ. ಅಷ್ಟು ಸಾಕು." ಅವನಿಗೆ ಸಾಕಾಗಲಿಲ್ಲ. ಅವನು ಹೋಗಿ ಇನ್ನೊಂದು ಸ್ಟೂಲಿಗೆ ಕಾಲು ಬಡಿದ.

ಈ ನಡುವೆ ಬೀದಿಯಲ್ಲಿ ಸಾವುಗಳು ನಿಲ್ಲಲಿಲ್ಲ, ಯಾಕೆ ನಿಲ್ಲುತ್ತವೆ? ಜನ ಪಕ್ಕದ ಊರಿನಿಂದ ಗಾಡಿಯಲ್ಲಿ ಪೆಟ್ಟಿಗೆ ತರಿಸಿಕೊಂಡರು. ತೆಳು ಹಲಗೆ, ಮೇಲೆ ಬಣ್ಣ. ಬಡಗಿ ಅತ್ತ ನೋಡದೆ ತಲೆ ತಗ್ಗಿಸಿಕೊಂಡಿದ್ದ. ಹೀಗಿರುವಾಗ ಒಂದು ಬೆಳಿಗ್ಗೆ ಬ್ರೆಡ್ಡಿನವನು ಬಂದ. ಸೈಕಲ್ಲಿನಲ್ಲಿ ಮನೆಮನೆಗೆ ಬ್ರೆಡ್ಡು ಹಾಕುವ ಹುಡುಗುಮುಖದ ಗಂಡಸು, ಮದುವೆಯಾಗಿ ಎರಡು ವರ್ಷವೂ ಆಗಿರಲಿಲ್ಲ. ಅವತ್ತು ಸೈಕಲ್ಲು ಇರಲಿಲ್ಲ. ಬಾಗಿಲಲ್ಲಿ ನಿಂತು ಎರಡೂ ಕೈಯನ್ನು ಸ್ವಲ್ಪವೇ ಅಗಲಿಸಿ ತೋರಿಸಿದ.

"ಮಾವಾ, ಇಷ್ಟು ಸಾಕು. ಇದಕ್ಕಿಂತ ಉದ್ದ ಬೇಡ."

ಬಡಗಿ ಕೈಯಲ್ಲಿದ್ದ ಉಳಿ ಕೆಳಗಿಟ್ಟ. ಆ ಮನೆಯಲ್ಲಿ ಕೂಸು ಹುಟ್ಟಿದಾಗ ಇವನ ಹೆಂಡತಿ ಮಲಗಿದ್ದಲ್ಲೇ ಟೋಪಿ ಹೆಣೆದು ಕಳಿಸಿದ್ದಳು. "ಯಾವಾಗ?" ಎಂದ.

"ಬೆಳಗಾಗೋವಾಗ ನೋಡಿದ್ರೆ ತಣ್ಣಗಿತ್ತು. ಜ್ವರ ಅಷ್ಟೇ ಅಂದ್ಕೊಂಡಿದ್ವಿ. ಸಂಜೆಗೆ ಮಣ್ಣು ಅಂದ್ರು ಪಾದ್ರಿಗಳು."

ಬಡಗಿಯ ಕೈ ತಾನಾಗಿಯೇ ಗೋಡೆಗೆ ಒರಗಿದ್ದ ಹಲಗೆಯ ಕಡೆ ಹೋಯಿತು, ಅರ್ಧಕ್ಕೇ ನಿಂತಿತು. ಹರಕೆ! ಅಷ್ಟು ದಿನ ಹಲ್ಲು ಕಚ್ಚಿ ಹಿಡಿದಿದ್ದನ್ನು ಈಗ ಬಿಟ್ಟರೆ? ಪರೀಕ್ಷೆ ಅನ್ನುವುದು ಇದನ್ನೇ ಅಲ್ಲವೇ ಎಂದುಕೊಂಡ. "ನಾನು ಮಾಡ್ತಿಲ್ಲಪ್ಪಾ ಈಗ," ಎಂದ. "ನಿನಗೆ ಗೊತ್ತಲ್ಲ. ಪಕ್ಕದೂರಲ್ಲಿ ಕೇಳು."

"ಅಲ್ಲಿ ಮಕ್ಕಳ ಸೈಜಿನದು ಇಟ್ಟಿರಲ್ವಂತೆ. ಮಾಡಿಕೊಡೋಕೆ ನಾಳೆ ಆಗುತ್ತಂತೆ." ಬ್ರೆಡ್ಡಿನವನು ಜಗಳವಾಡಲಿಲ್ಲ, ಅಳಲಿಲ್ಲ, ತಲೆಯಾಡಿಸಿದ. "ಇರಲಿ ಬಿಡಿ ಮಾವಾ. ಬೇಕರಿಯಲ್ಲಿ ಬ್ರೆಡ್ಡು ಹಾಕೋ ಮರದ ಟ್ರೇ ಇದೆ. ಒಂದರ ಮೇಲೊಂದು ಕವುಚಿ ಹಗ್ಗ ಕಟ್ಟಿದ್ರೆ ಆಗುತ್ತೆ." ಹೇಳಿ ಮೆಟ್ಟಿಲಿಳಿದ.

ಹಲಗೆಯ ಗೋಡೆಯ ಆಚೆಯಿಂದ ಸದ್ದು ಬಂತು. ಚಮಚದಲ್ಲಿ ಗೋಡೆ ಕುಟ್ಟುವ ಸದ್ದು, ನಿಲ್ಲದೆ, ಹಟ ಹಿಡಿದಂತೆ. ಬಡಗಿ ಒಳಗೆ ಓಡಿದ. ಅವಳು ಮೊಣಕೈ ಊರಿ ಎದ್ದಿದ್ದಳು. ಎಷ್ಟೋ ದಿನದಿಂದ ತಾನಾಗಿ ಮಗ್ಗುಲು ಬದಲಿಸದವಳು ಸಿಟ್ಟಿಗೇ ಅಷ್ಟು ಎದ್ದಿದ್ದಳು. ಕಣ್ಣು ಕೆಂಡ.

"ಕೂಸನ್ನ ಬ್ರೆಡ್ಡಿನ ಟ್ರೇಯಲ್ಲಿ ಮಣ್ಣಿಗೆ ಕಳಿಸ್ತೀರಾ?"

"ನಿನಗೋಸ್ಕರ ಕಣೇ! ನಾನು ಹರಕೆ ಹೊತ್ತಿದೀನಿ. ನೀನು ಏಳೋವರೆಗೆ ಮುಟ್ಟಲ್ಲ ಅಂತ."

ಅವಳಿಗೆ ಇದು ಗೊತ್ತಿರಲಿಲ್ಲ. ಪೆಟ್ಟಿಗೆಯ ಕೆಲಸವಿಲ್ಲದ್ದಕ್ಕೆ ಗಂಡ ಸ್ಟೂಲು ಮಾಡುತ್ತಿದ್ದಾನೆ, ಅಥವಾ ತನ್ನ ಕಿವಿಗೆ ಆ ಸದ್ದು ಬೀಳಬಾರದೆಂದು ಸಂಕೋಚಪಡುತ್ತಿದ್ದಾನೆ ಅಂದುಕೊಂಡಿದ್ದಳು. ಈಗ ಅರ್ಥವಾಗಿ ಅವಳ ಮುಖ ಬಿಳಿಚಿತು. "ಹರಕೆ ಅಲ್ಲರೀ ಇದು, ಚೌಕಾಸಿ. ಸಂತೆಯಲ್ಲಿ ನಿಂತ ಹಾಗೆ ದೇವರ ಹತ್ರ ಚೌಕಾಸಿ ಮಾಡ್ತಿದ್ದೀರಿ. ಆ ತಾಯಿ ಎದೆ ಹಾಲು ಇನ್ನೂ ಇಳೀತಿರುತ್ತೆ. ಅವಳ ಕೂಸು ಟ್ರೇಯಲ್ಲಿ ಹೋಗಿ ನಾನು ಇಲ್ಲಿ ಎದ್ದು ಕೂತ್ರೆ, ನಾನು ಯಾವ ಮುಖ ಇಟ್ಕೊಂಡು ಬೀದಿಗೆ ಹೋಗ್ಲಿ?"

"ಮುಟ್ಟಿದ್ರೆ ನೀನು ಸಾಯ್ತೀಯ!" ಬಡಗಿ ಕಿರುಚಿದ. ಕಿರುಚಿದ ಮೇಲೆ ಅವನಿಗೇ ನಾಚಿಕೆಯಾಯಿತು. ಇಷ್ಟು ದಿನ ಆ ಮಾತನ್ನು ಗಂಟಲಲ್ಲೇ ತಡೆದಿಟ್ಟಿದ್ದ.

ಅವಳು ಮೆತ್ತಗಾದಳು. ಕೈ ಚಾಚಿ ಅವನ ಅಂಗಿಯ ತುದಿ ಹಿಡಿದುಕೊಂಡಳು. "ನನ್ನ ಸಾವು ನಿಮ್ಮ ಉಳಿಯ ತುದಿಯಲ್ಲಿಲ್ಲ. ನಿಮ್ಮ ಉಳಿಗೆ ಅಷ್ಟೊಂದು ಅಧಿಕಾರ ಯಾರು ಕೊಟ್ಟರು? ನನ್ನನ್ನ ಹಿಡ್ಕೊಂಡಿರೋನು ಬೇರೆಯವನು. ಹೋಗಿ, ಆ ಹುಡುಗನ್ನ ಕರೀರಿ, ಮೆಟ್ಟಿಲು ಇಳಿದು ತುಂಬ ದೂರ ಹೋಗಿರಲ್ಲ."

ಬಡಗಿ ಹೋಗಿ ಕರೆದ. ಬ್ರೆಡ್ಡಿನವನು ದರ್ಜಿಯ ಅಂಗಡಿಯ ಕಟ್ಟೆಯ ಮೇಲೆ ಕೂತಿದ್ದ. ಇಬ್ಬರೂ ಕೆಲಸಕ್ಕೆ ನಿಂತರು. ಅವನು ಹಲಗೆ ಒತ್ತಿ ಹಿಡಿದ, ಇವನು ಕೊಯ್ದ. ಉಜ್ಜುಗೊರಡು ಓಡಿಸುವಾಗ ಬಡಗಿಗೆ ಮೈಯೆಲ್ಲ ಬೆವರು. ಪ್ರತಿ ಎಳೆತಕ್ಕೂ ಹೆಂಡತಿಯ ಆಯಸ್ಸಿನಿಂದ ಒಂದೊಂದು ಪದರ ಎದ್ದು ಬರುತ್ತಿದೆ ಅನ್ನಿಸುತ್ತಿತ್ತು. ಕರ್ತನೇ, ಅವಳು ಹೇಳಿದ್ದಕ್ಕೆ ಮಾಡುತ್ತಿದ್ದೇನೆ, ಲೆಕ್ಕ ಅವಳ ಹತ್ತಿರ ಕೇಳಬೇಡ, ನನ್ನ ಹತ್ತಿರ ಕೇಳು ಎಂದು ಒಳಗೊಳಗೇ ಬೇಡಿಕೊಂಡ. ಒಳಗೆ ಹಾಸಲು ಬಟ್ಟೆ ಹೊಲಿಯುವವರು ಇರಲಿಲ್ಲ. ಅವಳು ತನ್ನ ದಿಂಬಿನ ಚೀಲ ಬಿಚ್ಚಿಸಿ ಕೊಟ್ಟಳು. "ಮೆತ್ತಗಿದೆ, ಎಷ್ಟೋ ಸಲ ಒಗೆದಿದ್ದು," ಎಂದಳು. ಬ್ರೆಡ್ಡಿನವನು ಪೆಟ್ಟಿಗೆಯನ್ನು ಎದೆಗೆ ಅವುಚಿಕೊಂಡು ಹೋಗುವಾಗ ಒಮ್ಮೆಯೂ ತಿರುಗಿ ನೋಡಲಿಲ್ಲ.

ಅವತ್ತು ಸಂಜೆಯೇ ಅವಳಿಗೆ ರಕ್ತ ಹೋಗಲು ಶುರುವಾಯಿತು. ಬಡಗಿ ಬಟ್ಟೆ ಹಿಂಡುತ್ತ ಬಚ್ಚಲಲ್ಲಿ ಕೂತು ಹಣೆ ಹಣೆ ಬಡಿದುಕೊಂಡ. ನೋಡಿದೆಯಾ, ನೋಡಿದೆಯಾ ಎಂದು ತನಗೇ ಹೇಳಿಕೊಂಡ. ಒಳಗೆ ಬಂದಾಗ ಅವಳು ಕಣ್ಣು ಬಿಟ್ಟಿದ್ದಳು, ಅವನ ಮುಖದಲ್ಲಿ ಎಲ್ಲವನ್ನೂ ಓದಿದಳು. ಅವಳಿಗೂ ಹೆದರಿಕೆಯಾಗಿತ್ತು.

"ಇದು ಅದಕ್ಕಲ್ಲ," ಎಂದಳು. "ಹಾಗೆ ಅಂದ್ಕೊಂಡ್ರೆ ನಾನು ಇಷ್ಟು ದಿನ ನಂಬಿದವನನ್ನ ನೀವು ಗುರುತೇ ಹಿಡಿದಿಲ್ಲ ಅಂತ ಆಯ್ತು. ನೀವು ಅವನನ್ನ ಯಾರೋ ಬಡ್ಡಿ ಸಾಹುಕಾರ ಮಾಡಿಟ್ಟಿದ್ದೀರಿ." ಉಸಿರು ಎಳೆದುಕೊಂಡಳು. "ನನ್ನದೂ ಶುರು ಮಾಡಿ ರೀ. ಕೈ ಹೇಗೂ ಪಳಗಿದೆ."

ಈ ಸಲ ಅವನು ಬಾಯಿ ಮುಚ್ಚು ಅನ್ನಲಿಲ್ಲ. ಮಾರನೆಯ ದಿನ, ಎಷ್ಟೋ ವರ್ಷದಿಂದ ಮಾಡಿನ ಕೆಳಗೆ ಒಣಗಲು ಬಿಟ್ಟಿದ್ದ ಒಳ್ಳೆಯ ಮರವನ್ನು ಇಳಿಸಿದ. ಆ ದಿಮ್ಮಿಯನ್ನು ಹಿಂದೆ ಇಬ್ಬರೂ ಸೇರಿಯೇ ಕೊಯ್ದಿದ್ದರು. ಕೆಲಸ ನಿಧಾನವಾಗಿ ಸಾಗಿತು. ಅವಳು ಗೋಡೆಯ ಆಚೆಯಿಂದ ಮೇಸ್ತ್ರಿಯಂತೆ ಕೂಗುತ್ತಿದ್ದಳು. "ಆ ಮೂಲೆ ಸರಿಯಾಗಿ ಕೂತಿಲ್ಲ, ಸದ್ದು ಟೊಳ್ಳು ಬರ್ತಿದೆ." ಅವನು ನೋಡಿದರೆ ನಿಜವಾಗಿಯೂ ಕೂತಿರುತ್ತಿರಲಿಲ್ಲ. ನೋವಿನ ಹೊತ್ತಿನಲ್ಲಿ ಆಚೆ ಕಡೆ ನರಳಾಟ, ಈಚೆ ಕಡೆ ಉಳಿಯ ಸದ್ದು. ನರಳಾಟ ಜೋರಾದರೆ ಅವನು ಉಳಿ ಎಸೆದು ಹೋಗಿ ಅವಳ ಕೈ ಹಿಡಿದು ಕೂರುತ್ತಿದ್ದ.

ಕೂಟದಣ್ಣ ಬಂದು ಪೆಟ್ಟಿಗೆಯನ್ನು ಕಂಡು ಬಾಗಿಲಲ್ಲೇ ಕಲ್ಲಾದ. "ಕೈಬಿಟ್ಟೆಯಾ ತಮ್ಮಾ? ಕಡೆಗೂ ನಂಬಿಕೆ ಕೈಬಿಟ್ಟೆಯಾ?" ಅವನ ದನಿ ಒಡೆದಿತ್ತು. ಬಡಗಿಗೂ ಅದೇ ಅನುಮಾನವಿತ್ತು. ಒಳಗಿನಿಂದ ಅವಳು ಕರೆದಳು.

"ಅಣ್ಣಾ, ಇಲ್ಲಿ ಬನ್ನಿ. ಅವರನ್ನ ಬೈಬೇಡಿ. ಏಳ್ತೀನಿ ಅಂತ ನೀವೂ ಹೇಳ್ತೀರಿ, ನಾನೂ ಹೇಳ್ತೀನಿ. ದಿನ ಗೊತ್ತು ಮಾಡೋ ಕೆಲಸ ಅವನಿಗೆ ಬಿಡೋಣ. ನಿಮಗೂ ಅಷ್ಟು ಭಾರ ಯಾಕೆ?"

ಕೂಟದಣ್ಣ ಪ್ರಾರ್ಥನೆಗೆ ಮಂಡಿಯೂರಿದ. ಬಾಯಿ ತೆರೆದ, ಮಾತು ಹೊರಡಲಿಲ್ಲ. ಅವನ ಜನ್ಮದಲ್ಲಿ ಹಾಗಾಗಿದ್ದು ಅದೇ ಮೊದಲಿರಬೇಕು. ಕೊನೆಗೆ ಅವಳೇ ಅವನ ತಲೆಯ ಮೇಲೆ ಕೈಯಿಟ್ಟು ಅವನಿಗಾಗಿ ಪ್ರಾರ್ಥಿಸಿದಳು.

ಪಾಲಿಶ್ ಒಣಗಿದ ಮೇಲೆ ಬಡಗಿ, ದರ್ಜಿ ಸೇರಿ ಪೆಟ್ಟಿಗೆಯನ್ನು ಒಳಗೆ ತಂದರು. ಮಂಚದ ಪಕ್ಕ ಎರಡು ಸ್ಟೂಲುಗಳ ಮೇಲೆ, ಅಲ್ಲಾಡುವ ಕಾಲಿಗೆ ಚಕ್ಕೆ ಕೊಟ್ಟು ಇಟ್ಟರು. ದರ್ಜಿ ಮೆಲ್ಲಗೆ ಜಾರಿಕೊಂಡ. ಒಳ್ಳೆಯ ಕೆಲಸವಾಗಿತ್ತು, ಅದು ಬಡಗಿಗೆ ಗೊತ್ತಿತ್ತು. ಒಂದು ಸಂದಿಲ್ಲ, ಒಂದು ಗಂಟಿಲ್ಲ. ಅವಳು ಕತ್ತು ಹೊರಳಿಸಿ ತಲೆಯಿಂದ ಕಾಲಿನವರೆಗೆ ನೋಡಿದಳು, ಮತ್ತೆ ಕಾಲಿನಿಂದ ತಲೆಯವರೆಗೆ ನೋಡಿದಳು. ಕೈ ಚಾಚಿ ಅಂಚು ಸವರಿದಳು. ಆಮೇಲೆ ನಗತೊಡಗಿದಳು. ನಕ್ಕು ನಕ್ಕು ಕೆಮ್ಮು ಬಂತು.

"ಯಾಕೇ? ಏನಾಯ್ತು?"

"ಅಲ್ಲಾ ರೀ, ಯಾರನ್ನ ನೋಡ್ಕೊಂಡು ಮಾಡಿದ್ರಿ ಇದನ್ನ?"

ಅವನು ಪೆಟ್ಟಿಗೆ ನೋಡಿದ. ಅವಳನ್ನು ನೋಡಿದ. ಮತ್ತೆ ಪೆಟ್ಟಿಗೆ ನೋಡಿದ. ಆ ಪೆಟ್ಟಿಗೆಯಲ್ಲಿ ಇವಳಂಥವರು ಇಬ್ಬರು ಮಲಗಬಹುದಿತ್ತು. ಹಾಸಿಗೆಯಲ್ಲಿದ್ದುದು ಬೆನ್ನು ಬಾಗಿ ಮಂಡಿ ಮಡಚಿದ ಒಂದು ಹಿಡಿ ಮೂಳೆ. ಭುಜ ಎನ್ನುವುದು ಬಟ್ಟೆ ಹಾಕುವ ಕೊಕ್ಕೆಯ ಹಾಗೆ ಎದ್ದು ಕಾಣುತ್ತಿತ್ತು. ದಿನಕ್ಕೆ ಹತ್ತು ಸಲ ಈ ಮೈಯನ್ನು ಎತ್ತಿದ್ದಾನೆ, ತೊಳೆದಿದ್ದಾನೆ, ಬಟ್ಟೆ ಬದಲಿಸಿದ್ದಾನೆ. ನೋಡಿರಲಿಲ್ಲ. ಊರಿನ ಹೆಣಗಳನ್ನೆಲ್ಲ ಒಂದು ನೋಟಕ್ಕೆ ಅಳೆದವನು ತನ್ನ ಹೆಂಡತಿಯನ್ನು ಅಳೆಯುವಾಗ, ಉದ್ದ ಗರಗಸದ ಆಚೆ ತುದಿಯಲ್ಲಿ ಸೆರಗು ಸಿಕ್ಕಿಸಿ ನಿಂತವಳನ್ನು ಅಳೆದಿದ್ದ.

ಅವನು ನೆಲದ ಮೇಲೆ ಕುಸಿದು ಮಗುವಿನ ಹಾಗೆ ಅತ್ತ. ಗಡ್ಡೆ ಎದ್ದ ದಿನದಿಂದ ಒಮ್ಮೆಯೂ ಅತ್ತಿರಲಿಲ್ಲ. ಅತ್ತರೆ ನಂಬಿಕೆಯಿಲ್ಲದ ಹಾಗೆ ಎಂದು ತಡೆದುಕೊಂಡಿದ್ದ. "ಬಿಚ್ಚಿ ಮತ್ತೆ ಮಾಡ್ತೀನಿ," ಎಂದ. "ಅಳತೆ ತಪ್ಪಿದೆ. ಕೊಯ್ದು ಸಣ್ಣ ಮಾಡ್ತೀನಿ."

"ಆ ಮರ ಕೊಯ್ಯೋಕೆ ಇನ್ನೊಂದು ತುದಿಗೆ ಯಾರಿದಾರೆ?" ಎಂದಳು. ಅವಳೂ ಅಳುತ್ತಿದ್ದಳು. "ಬಿಡಿ. ನಾನು ಹೀಗಾಗಿರೋದು ನನಗೇ ಸಂಕಟ. ನಿಮ್ಮ ಕಣ್ಣಿಗಾದರೂ ಅಷ್ಟು ದಪ್ಪ ಇದ್ದೀನಲ್ಲ."

ಆಮೇಲಿನ ದಿನಗಳು ಹೇಳುವಂಥವಲ್ಲ. ನಗು ಹೋಯಿತು, ಮಾತು ಹೋಯಿತು. ಔಷಧಿಯ ನಿದ್ದೆ, ಎಚ್ಚರವಾದರೆ ಕೂಗು. ಕೊನೆಗೆ ಕೂಗಲೂ ತ್ರಾಣವಿಲ್ಲದೆ ತುಟಿ ಮಾತ್ರ ಆಡುತ್ತಿತ್ತು. ಬಡಗಿ ಕಿವಿಯಿಟ್ಟು ಕೇಳಿದರೆ ಬೀದಿಯವರ ಹೆಸರುಗಳು, ಅವುಗಳ ನಡುವೆ ಬ್ರೆಡ್ಡಿನವನ ಹೆಂಡತಿಯ ಹೆಸರು. ಅದ್ಭುತ ಏನೂ ನಡೆಯಲಿಲ್ಲ. ಕೋಣೆಯಲ್ಲಿ ಬೆಳಕು ಕಾಣಿಸಲಿಲ್ಲ. ಒಂದು ಬೆಳಿಗ್ಗೆ ಅವನು ಚಮಚದಲ್ಲಿ ನೀರು ಹಾಕಿದ, ನೀರು ಒಳಗೆ ಹೋಗದೆ ಕೆನ್ನೆಯ ಮೇಲೆ ಇಳಿಯಿತು. ಅವನು ಒರೆಸಿ ಇನ್ನೊಂದು ಚಮಚ ಹಾಕಿದ. ಅದೂ ಇಳಿಯಿತು. ಆಗ ಅವನು ಚಮಚ ಕೆಳಗಿಟ್ಟ.

ಅವಳ ಅಕ್ಕ ಬಂದು ತೊಳೆದು ಬಿಳಿ ಸೀರೆ ಉಡಿಸಿದಳು. ಮಂಡಿಗಳು ಪೂರ್ತಿ ನೆಟ್ಟಗಾಗಲಿಲ್ಲ. ಪೆಟ್ಟಿಗೆಯಲ್ಲಿ ಮಲಗಿಸಿದಾಗ ಸುತ್ತ ಎಷ್ಟು ಜಾಗ ಉಳಿಯಿತೆಂದರೆ ನೋಡಿದವರು ಮುಖ ತಿರುಗಿಸಿಕೊಂಡರು. ಕಣ್ಣಳತೆಯ ಕಣ್ಣು ತಪ್ಪಿದೆ, ಅದೂ ಸ್ವಂತ ಹೆಂಡತಿಗೆ, ಎಂದು ಬಾಗಿಲ ಹೊರಗೆ ಪಿಸುಮಾತು ಎದ್ದಿತು. ಅಕ್ಕ ಬೀರುವಿನಿಂದ ಹಳೆಯ ಹೊದಿಕೆ, ಸೀರೆಗಳನ್ನು ರಾಶಿ ತಂದು ಪಕ್ಕದಲ್ಲಿಟ್ಟುಕೊಂಡಳು.

ಕೂಟದಣ್ಣ ಬಡಗಿಯ ಹತ್ತಿರ ಬಂದು ಕಿವಿಯಲ್ಲಿ ಹೇಳಿದ. "ತಮ್ಮಾ, ಎರಡೂ ಕಡೆ ಬಟ್ಟೆ ತುಂಬಿಸೋಣ. ಸ್ಮಶಾನದ ದಾರಿ ಇಳಿಜಾರು. ಒಳಗೆ ಜಾರ್ತಾಳೆ."

"ಬೇಡ," ಎಂದ ಬಡಗಿ.

"ಅಳತೆ ಹೆಚ್ಚು ಕಡಿಮೆ ಆಗುತ್ತಪ್ಪಾ, ಮನುಷ್ಯರು ನಾವು. ಅದಕ್ಕೆ ನಾಚಿಕೆ ಬೇಡ."

ಅಕ್ಕ ಹೊದಿಕೆ ಮಡಚಿ ಒಳಗೆ ತುರುಕಲು ಬಗ್ಗಿದಳು. ಬಡಗಿ ಅವಳ ಕೈ ಹಿಡಿದ. ಕೂಗಲಿಲ್ಲ, ಆದರೆ ಕೋಣೆಯಲ್ಲಿದ್ದವರಿಗೆಲ್ಲ ಕೇಳಿಸಿತು. "ಅಳತೆ ತಪ್ಪಿಲ್ಲಕ್ಕಾ. ಇವಳು ಮಲಗಿರೋ ಅಳತೆ ಅಲ್ಲ ಇದು. ಏಳೋ ದಿನದ ಅಳತೆ. ಬಟ್ಟೆ ತುರುಕಿ ಜಾಗ ಕಟ್ಟಬೇಡಿ."

ಹೇಳುವವರೆಗೆ ಅದು ಅವನಿಗೇ ಗೊತ್ತಿರಲಿಲ್ಲ. ಹೇಳಿದ ಮೇಲೆ ಸುಖವೇನೂ ಆಗಲಿಲ್ಲ. ಆದರೆ ಮಾತು ಸುಳ್ಳು ಅನ್ನಿಸಲಿಲ್ಲ. ಅಕ್ಕ ಅವನ ಮುಖವನ್ನೇ ನೋಡಿ, ಹೊದಿಕೆಯನ್ನು ತನ್ನ ಮಡಿಲಲ್ಲಿ ಇಟ್ಟುಕೊಂಡು ಕೂತಳು. ಕೂಟದಣ್ಣ ತಲೆ ತಗ್ಗಿಸಿದ. ಮುಚ್ಚಳವನ್ನು ಬಡಗಿ ತಾನೇ ಸ್ಕ್ರೂ ತಿರುಗಿಸಿ ಬಿಗಿದ.

ಹೊರಲು ನಾಲ್ಕು ಜನ. ಮುಂದೆ ಬಡಗಿ, ಬ್ರೆಡ್ಡಿನವನು. ಹಿಂದೆ ಕೂಟದಣ್ಣ, ದರ್ಜಿ. ಬೀದಿ ಮುಗಿಯುವವರೆಗೆ ಪೆಟ್ಟಿಗೆ ಹಗುರವಾಗಿತ್ತು, ಹೆಚ್ಚಿನ ತೂಕ ಮರದ್ದೇ. ಇಳಿಜಾರು ಶುರುವಾಗುತ್ತಿದ್ದಂತೆ ಒಳಗೆ ಅವಳು ಜಾರಿದಳು. ಬಟ್ಟೆ ಮರಕ್ಕೆ ಉಜ್ಜಿದ ಸದ್ದು, ಆಮೇಲೆ ಪಾದಗಳು ಹಲಗೆಗೆ ತಾಗಿದ ಸಣ್ಣ ಸದ್ದು. ಹಿಂದೆ ಬರುತ್ತಿದ್ದ ಹೆಂಗಸರಲ್ಲಿ ಯಾರೋ ಅಯ್ಯೋ ಎಂದರು. ಅವಳ ಭಾರವೆಲ್ಲ ಮುಂದಕ್ಕೆ ಬಂದು ಬಡಗಿಯ ಭುಜದ ಮೇಲೆ ಕೂತಿತು.

"ನಿಲ್ಲೋಣ್ವಾ ಮಾವಾ?" ಎಂದು ಬ್ರೆಡ್ಡಿನವನು ಕೇಳಿದ.

"ಬೇಡ, ನಡಿ," ಎಂದ ಬಡಗಿ. ಭುಜವನ್ನು ಸ್ವಲ್ಪ ಒಳಗೆ ಕೊಟ್ಟು, ಅವಳನ್ನು ಹೊತ್ತುಕೊಂಡು ಇಳಿದ.